ದ್ರಾಕ್ಷಿ ಚೀಟಿಯಲ್ಲಿ ಒಗಟು ಬೇಡ

ಮಾನ್ಯ ಸಂಪಾದಕರೆ,

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಸಿಗುವ ಔಷಧ ಚೀಟಿಗಳ ತುಂಬ ಸಂಕ್ಷಿಪ್ತ ಅಕ್ಷರಗಳೇ. ‘50 ಡಿಎಪಿ, ಜಿಎ 20’ ಎಂದು ಬರೆದರೆ ಹೊಸಬರು ಏನು ತಿಳಿಯಬೇಕು? ಇಲ್ಲಿ ಡಿಎಪಿ ಗೊಬ್ಬರವಲ್ಲ, ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲಿನ ದಿನಗಳ ಲೆಕ್ಕ. ಜಿಎ ಎಂದರೆ ಬೆಳವಣಿಗೆ ಚೋದಕವಾದ ಜಿಬ್ಬರೆಲಿಕ್ ಆಮ್ಲ. 20 ಎಂಬುದು ಪಿಪಿಎಂ, ಹತ್ತು ಲಕ್ಷ ಭಾಗದಲ್ಲಿ 20 ಭಾಗ. ಅಂದರೆ 100 ಲೀಟರ್ ನೀರಿಗೆ 2 ಗ್ರಾಂ ಶುದ್ಧ ಜಿಬ್ಬರೆಲಿಕ್ ಆಮ್ಲ. ಅದನ್ನೇ 20 ಗ್ರಾಂ ಎಂದು ಓದಿಕೊಂಡರೆ ಪ್ರಮಾಣ ಹತ್ತು ಪಟ್ಟು! ಗೊನೆಯ ದಂಟು ಬಿರುಸಾಗಿ ಕಾಳು ಉದುರುತ್ತವೆ, ಮುಂದಿನ ಹಂಗಾಮಿನ ಗೊನೆಗೂ ಪೆಟ್ಟು. ‘ಇಸಿ’ಯದೂ ಇದೇ ಪಾಡು: ಬಾಟಲಿಯ ಮೇಲಿದ್ದರೆ ಅದು ಔಷಧದ ರೂಪ (ನೀರಿಗೆ ಹಾಕಿದರೆ ಹಾಲಿನಂತಾಗುವ ದ್ರಾವಣ), ನೀರಿನ ವರದಿಯಲ್ಲಿದ್ದರೆ ಉಪ್ಪಿನಂಶದ ಅಳತೆ.

ಅಂಗಡಿಯವರು, ಸಲಹೆಗಾರರು ಔಷಧದ ಪೂರ್ತಿ ಹೆಸರು, ಶೇಕಡಾವಾರು, ಎಷ್ಟು ನೀರಿಗೆ ಎಷ್ಟು ಗ್ರಾಂ ಎಂಬುದನ್ನು ಕನ್ನಡದಲ್ಲೇ ಬರೆದುಕೊಡಲಿ. ಬ್ಯಾರಲ್ಲಿನಲ್ಲಿ ಔಷಧ ಕಲಸುವವರು ಓದುವುದು ಆ ಚೀಟಿಯನ್ನೇ.

– ದ್ರಾಕ್ಷಿ ಬೆಳೆಗಾರರು, ವಿಜಯಪುರ ಜಿಲ್ಲೆ