ಮೊದಲು ಚೀಟಿ, ಆಮೇಲೆ ಮಾತು

ಮಾನ್ಯ ಸಂಪಾದಕರಿಗೆ,

ಗ್ರಾಮ ಸಭೆ, ಹಾಲಿನ ಸಂಘ, ದೇವಸ್ಥಾನ ಸಮಿತಿಗಳ ಸುದ್ದಿಯಲ್ಲಿ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ಸಾಲು ಆಗಾಗ ಬರುತ್ತದೆ. ಅದನ್ನು ಓದಿದಾಗೆಲ್ಲ ನನಗೆ ನಮ್ಮೂರ ತೇರಿನ ಊಟ ನೆನಪಾಗುತ್ತದೆ.

2024ರ ತೇರಿಗೆ ಮುಂಚೆ ಸಮಿತಿ ಸಭೆ ಸೇರಿತ್ತು. ಹದಿನೈದು ಜನ ಇದ್ದೆವು, ಅದರಲ್ಲಿ ಹೆಂಗಸರು ಮೂವರು. ಎಷ್ಟು ಜನಕ್ಕೆ ಅಡಿಗೆ ಮಾಡಿಸಬೇಕು ಎಂಬ ಮಾತು ಬಂತು. ಹಿರಿಯರೊಬ್ಬರು ‘ಸಾವಿರದ ಐನೂರು ಜನಕ್ಕೆ ಸಾಕು, ಪ್ರತಿ ವರ್ಷ ಅಷ್ಟೇ’ ಎಂದರು. ಪಕ್ಕದವರು ಹೌದು ಎಂದರು. ಅವರ ಪಕ್ಕದವರೂ ಹೌದು ಎಂದರು. ಐದು ನಿಮಿಷದಲ್ಲಿ ಮುಗಿಯಿತು.

ನನ್ನ ಮನಸ್ಸಿನಲ್ಲಿ ಎರಡೂವರೆ ಸಾವಿರ ಇತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಹೊರಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ‘ಈ ಸಲ ತೇರಿಗೆ ಬಂದೇ ಬರ್ತೀವಿ’ ಎಂದು ಫೋನ್ ಮಾಡುತ್ತಿದ್ದರು. ಈ ಸುದ್ದಿ ಊರಿನ ಅಡಿಗೆಮನೆಗಳಲ್ಲೆಲ್ಲ ಓಡಾಡುತ್ತಿತ್ತು. ಸಭೆಗೆ ಮಾತ್ರ ಬರಲಿಲ್ಲ. ನಾನೇ ತರಲಿಲ್ಲ. ಎಲ್ಲರೂ ಒಪ್ಪಿದ ಮೇಲೆ ಎದುರು ಮಾತಾಡುವುದು ಹೇಗೆ ಎಂದು ಸುಮ್ಮನೆ ಕುಳಿತೆ.

ತೇರಿನ ದಿನ ಮಧ್ಯಾಹ್ನ ಎರಡು ಗಂಟೆಗೇ ಅನ್ನ ಮುಗಿಯಿತು. ಸಾಲಿನಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತವರಿದ್ದರು. ಮತ್ತೆ ಒಲೆ ಹಚ್ಚಿ, ಎಸರಿಟ್ಟು, ಅಕ್ಕಿ ಬೇಯಿಸುವಷ್ಟರಲ್ಲಿ ಎಷ್ಟೋ ಜನ ಹೊರಟೇಹೋದರು. ತವರಿನ ತೇರಿಗೆ ಬಂದ ಹೆಣ್ಣುಮಕ್ಕಳು ಹಸಿದುಕೊಂಡೇ ಬಸ್ಸು ಹತ್ತಿದರು. ಆಮೇಲೆ ವಿಚಾರಿಸಿದರೆ ಸಮಿತಿಯ ಇನ್ನೂ ನಾಲ್ಕೈದು ಜನ ‘ನನಗೂ ಜಾಸ್ತಿ ಬರ್ತಾರೆ ಅನ್ನಿಸಿತ್ತು’ ಎಂದರು. ಅಂದರೆ ಆ ದಿನ ಸಭೆಯಲ್ಲಿ ಇದ್ದದ್ದು ಒಬ್ಬರ ಅಭಿಪ್ರಾಯ. ಉಳಿದವರು ಕೊಟ್ಟದ್ದು ಬರೀ ಒಪ್ಪಿಗೆ.

ಈ ವಿಷಯದಲ್ಲಿ ನೂರು ವರ್ಷಕ್ಕೂ ಹಳೆಯ ಒಂದು ಪಾಠ ಇದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ದನಗಳ ಪ್ರದರ್ಶನ ನಡೆಯಿತು. ಒಂದು ಎತ್ತನ್ನು ಕಡಿದು ಶುಚಿ ಮಾಡಿದ ಮೇಲೆ ಎಷ್ಟು ತೂಗುತ್ತದೆ ಎಂದು ಜನ ಅಂದಾಜು ಮಾಡಬೇಕಿತ್ತು. ಆರು ಪೆನ್ನಿ ಕೊಟ್ಟು ಚೀಟಿ ಕೊಳ್ಳಬೇಕು, ತಮ್ಮ ಅಂದಾಜು ಬರೆದು ಹಾಕಬೇಕು. ಬರೆದವರಲ್ಲಿ ಕಸಾಯಿಗಳೂ ರೈತರೂ ಇದ್ದರು, ದನದ ವಿಷಯ ಏನೂ ಗೊತ್ತಿಲ್ಲದವರೂ ಇದ್ದರು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಪೈಕಿ 787 ಚೀಟಿಗಳನ್ನು ತರಿಸಿಕೊಂಡು ಸಣ್ಣ ಅಂಕಿಯಿಂದ ದೊಡ್ಡ ಅಂಕಿಯವರೆಗೆ ಜೋಡಿಸಿ ನೋಡಿದರು. ಸರಿಯಾಗಿ ನಡುವೆ ಬಂದ ಚೀಟಿಯಲ್ಲಿ 1207 ಪೌಂಡ್ ಇತ್ತು. ನಿಜವಾದ ತೂಕ 1198 ಪೌಂಡ್. ನಮ್ಮ ಲೆಕ್ಕದಲ್ಲಿ ನಾಲ್ಕು ಕಿಲೋ ವ್ಯತ್ಯಾಸ, ಅಷ್ಟೇ. ಒಬ್ಬರು ಹೆಚ್ಚು ಹೇಳಿದ ತಪ್ಪನ್ನು ಇನ್ನೊಬ್ಬರು ಕಡಿಮೆ ಹೇಳಿದ ತಪ್ಪು ಸರಿದೂಗಿಸಿತ್ತು.

ಇದು ಆದದ್ದು ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು ಬರೆದದ್ದರಿಂದ. ಊರಿನ ದೊಡ್ಡ ಕಸಾಯಿಯೊಬ್ಬ ಮೊದಲೇ ಕೂಗಿ ಒಂದು ಅಂಕಿ ಹೇಳಿದ್ದರೆ ಎಲ್ಲರೂ ಅದರ ಸುತ್ತಲೇ ಬರೆಯುತ್ತಿದ್ದರು. ಎಲ್ಲರ ತಪ್ಪೂ ಒಂದೇ ಕಡೆಗೆ ವಾಲಿದರೆ ಸರಿದೂಗಿಸುವವರು ಯಾರು? 1950ರ ದಶಕದಲ್ಲಿ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಮೂರು ಗೆರೆಗಳಲ್ಲಿ ಯಾವುದು ಪಕ್ಕದಲ್ಲಿ ತೋರಿಸಿದ ಗೆರೆಯಷ್ಟೇ ಉದ್ದ ಇದೆ ಎಂಬ ಸುಲಭದ ಪ್ರಶ್ನೆ. ಮೊದಲೇ ಹೇಳಿಕೊಟ್ಟು ಕೂರಿಸಿದ್ದವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಕೊನೆಯಲ್ಲಿ ಹೇಳುವವರು ಮೂರರಲ್ಲೊಂದು ಸಲ ತಾವೂ ತಪ್ಪನ್ನೇ ಹೇಳಿದರು. ಕಣ್ಣೆದುರಿನ ಗೆರೆಗೇ ಹೀಗಾದರೆ, ಸಭೆಯಲ್ಲಿ ಊರ ಹಿರಿಯರ ಮುಂದೆ ಹೇಗಿರಬೇಡ!

ಭಾರತೀಯ ಸೇನೆಗೆ ಇದು ಚೆನ್ನಾಗಿ ಗೊತ್ತಿದೆ. ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೇನೆಯ ನ್ಯಾಯಾಲಯದಲ್ಲಿ, ಸದಸ್ಯರ ಅಭಿಪ್ರಾಯ ಕೇಳುವಾಗ ದರ್ಜೆಯಲ್ಲಿ ಎಲ್ಲರಿಗಿಂತ ಕಿರಿಯರಾದವರಿಂದ ಶುರು ಮಾಡುತ್ತಾರೆ. ಮೇಲಧಿಕಾರಿಯ ಮಾತು ಕಿವಿಗೆ ಬೀಳುವ ಮುಂಚೆಯೇ ಕಿರಿಯರ ಮಾತು ಹೊರಗೆ ಬಂದಿರುತ್ತದೆ.

2025ರಲ್ಲಿ ನಾನು ಸಭೆಯಲ್ಲಿ ಎದ್ದು ನಿಂತು ಕೇಳಿಕೊಂಡೆ, ಈ ಸಲ ಮಾತಾಡುವ ಮುಂಚೆ ಎಲ್ಲರೂ ಒಂದೊಂದು ಚೀಟಿ ಬರೆಯೋಣ, ಹೆಸರು ಬೇಡ ಎಂದು. ಆ ಹಿರಿಯರೇ ಮೊದಲು ಒಪ್ಪಿದರು. ಚೀಟಿ ಬಿಚ್ಚಿದಾಗ ಕಡಿಮೆ ಎಂದರೆ 1,200 ಇತ್ತು, ಜಾಸ್ತಿ ಎಂದರೆ 4,000. ನಡುವಿನ ಚೀಟಿ 2,200. ಸರಾಸರಿ ತೆಗೆಯದೆ ನಡುವಿನ ಚೀಟಿ ನೋಡಿದ್ದಕ್ಕೆ ಕಾರಣ ಇದೆ. ಯಾರಾದರೂ ಒಬ್ಬರು ಬಾಯಿಗೆ ಬಂದಂತೆ ಹತ್ತು ಸಾವಿರ ಎಂದು ಬರೆದರೆ ಸರಾಸರಿ ಕೆಟ್ಟುಹೋಗುತ್ತದೆ, ನಡುವಿನ ಚೀಟಿ ಅಲ್ಲಾಡುವುದಿಲ್ಲ. ಗಾಲ್ಟನ್ ಕೂಡ ಇದನ್ನೇ ಹೇಳಿದ್ದರು.

ಅಂಕಿಗಿಂತ ನನಗೆ ಮುಖ್ಯ ಅನ್ನಿಸಿದ್ದು ಆಮೇಲೆ ನಡೆದ ಮಾತು. ಇಷ್ಟೊಂದು ಅಂತರ ಯಾಕೆ ಎಂದು ಎಲ್ಲರೂ ಕೇಳತೊಡಗಿದರು. ಬಸ್ಸಿನ ವಿಷಯ ಆಗ ಬಂತು. ಪಕ್ಕದ ಊರಿನಲ್ಲಿ ಅದೇ ದಿನ ಮದುವೆ ಇದೆ, ಆ ಕಡೆಯವರು ಬರುವುದಿಲ್ಲ ಎಂದು ಒಬ್ಬ ಹುಡುಗ ಹೇಳಿದ. ಇದು ನನಗೂ ಗೊತ್ತಿರಲಿಲ್ಲ. ಇನ್ನೊಂದು ಸುತ್ತು ಬರೆದೆವು. ನಡುವಿನ ಚೀಟಿ 2,500ಕ್ಕೆ ಬಂತು, ಅಷ್ಟಕ್ಕೇ ಅಕ್ಕಿ ತರಿಸಿದೆವು. ಆ ದಿನ ಒಂದಿಷ್ಟು ಅನ್ನ ಉಳಿಯಿತು, ಹಸಿದು ಹೋದವರಿರಲಿಲ್ಲ.

ಎಲ್ಲದಕ್ಕೂ ಚೀಟಿ ನಡೆಯುವುದಿಲ್ಲ ಎಂದು ನನಗೂ ಗೊತ್ತು. ಯಾರಿಗೂ ಗೊತ್ತಿಲ್ಲದ ವಿಷಯದಲ್ಲಿ ನೂರು ಚೀಟಿ ಸೇರಿಸಿದರೂ ತಿಳಿವಳಿಕೆ ಹುಟ್ಟುವುದಿಲ್ಲ. ಕೆರೆ ಏರಿ ಗಟ್ಟಿ ಇದೆಯೇ ಎಂದು ಎಂಜಿನಿಯರನ್ನೇ ಕೇಳಬೇಕು. ಕೇರಿಯೊಂದಕ್ಕೆ ನೀರು ಕೊಡಬೇಕೋ ಬೇಡವೋ ಎಂಬುದಂತೂ ಚೀಟಿ ಎಣಿಸಿ ತೀರ್ಮಾನಿಸುವ ವಿಷಯವೇ ಅಲ್ಲ, ಕೊಡಲೇಬೇಕು.

ಆದರೆ ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಚರಂಡಿ ಮೊದಲೋ, ಬೀದಿ ದೀಪ ಮೊದಲೋ, ಅಂಗನವಾಡಿ ರಿಪೇರಿ ಮೊದಲೋ ಎಂದು ಕೇಳುತ್ತಾರಲ್ಲ, ಅಲ್ಲಿ ಅಧ್ಯಕ್ಷರು ಬಾಯಿ ತೆರೆಯುವ ಮುಂಚೆ ಬಂದವರೆಲ್ಲ ಒಂದೊಂದು ಚೀಟಿ ಬರೆಯಲಿ. ಆಮೇಲೆ ಮಾತಾಡುವಾಗ ಹಿಂದೆ ಕುಳಿತವರಿಂದ ಶುರು ಮಾಡಲಿ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಹೀಗೇ ಮಾಡಬಹುದು. ಖರ್ಚು ಒಂದು ನೋಟ್‌ಬುಕ್ಕಿನ ನಾಲ್ಕು ಹಾಳೆ, ಸಮಯ ಹತ್ತು ನಿಮಿಷ.

ಬರೆಯಲು ಬಾರದವರ ಕಥೆ ಏನು ಎಂದು ನಮ್ಮ ಸಭೆಯಲ್ಲೂ ಕೇಳಿದರು. ಸಮಿತಿಯ ಅಜ್ಜಿಯೊಬ್ಬರು ಜೊತೆಗೆ ಬಂದಿದ್ದ ಮೊಮ್ಮಗಳನ್ನು ಹತ್ತಿರ ಕರೆದು, ಕಿವಿಯಲ್ಲಿ ಅಂಕಿ ಹೇಳಿ ಬರೆಸಿದರು.

ಇತಿ,
ದೇವಸ್ಥಾನ ಸಮಿತಿಯ ಸದಸ್ಯೆ,
ಹಾಸನ ಜಿಲ್ಲೆ