ಧಾರಾವಾಹಿ ಚರ್ಚೆಯ ಬಗ್ಗೆ ಒಂದು ವಿನಂತಿ

ಎಲ್ಲರಿಗೂ ನಮಸ್ಕಾರ. ನಾವೆಲ್ಲ ರಾತ್ರಿ ನೋಡುತ್ತಿರುವ ಕೆಳದಿ ಕಾಲದ ಧಾರಾವಾಹಿಯಲ್ಲಿನ ತಪ್ಪುಗಳ ಬಗ್ಗೆ ಕಂತು ನಡೆಯುವಾಗಲೇ ಗುಂಪಿನಲ್ಲಿ ಮೆಸೇಜುಗಳು ಬರುತ್ತಿವೆ, ಅದರ ಬಗ್ಗೆ ಎರಡು ಮಾತು.

ನಿನ್ನೆ ಅರಮನೆಯ ಅಡುಗೆಯವಳು ಟೊಮೆಟೊ ಹೆಚ್ಚಿದ್ದನ್ನು ನಾನೂ ನೋಡಿದೆ. 17ನೇ ಶತಮಾನದ ಅಡುಗೆಮನೆಯಲ್ಲಿ ಹುಳಿಗೆ ಹುಣಸೆಯೋ ಪುನರ್ಪುಳಿಯೋ ಇರಬೇಕಿತ್ತು, ಒಪ್ಪುತ್ತೇನೆ. (ಮೆಣಸಿನಕಾಯಿ ಮಾತ್ರ ತಪ್ಪಲ್ಲ, ಅಷ್ಟರಲ್ಲಿ ಪೋರ್ಚುಗೀಸರು ಅದನ್ನು ತಂದಾಗಿತ್ತು.) ಕೋಟೆಯ ಗೋಡೆಯೂ ನುಣ್ಣಗೆ ಬೂದು ಬಣ್ಣಕ್ಕಿದೆ. ನಮ್ಮ ಕಾಸರಗೋಡಿನ ಬೇಕಲ ಕೋಟೆಯ ಮುರಕಲ್ಲಿನ ಗೋಡೆ ಮುಟ್ಟಿದರೆ ಅಂಗೈಗೆ ಕೆಂಪು ಪುಡಿ ಹತ್ತುತ್ತದೆ.

ಆದರೂ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ರಾಣಿ ಚೆನ್ನಮ್ಮ ಆಶ್ರಯ ಕೊಟ್ಟ ಕಂತು ಬಂದ ದಿನ ನಮ್ಮಮ್ಮ ಸೌಟು ಹಿಡಿದುಕೊಂಡೇ ಟಿವಿ ಮುಂದೆ ನಿಂತುಬಿಟ್ಟರು. ಒಲೆಯ ಮೇಲಿದ್ದ ಒಗ್ಗರಣೆ ಸೀದುಹೋಯಿತು. ಔರಂಗಜೇಬನಿಗೆ ಹೆದರದೆ ಆಶ್ರಯ ಕೊಟ್ಟದ್ದು ನಡೆದ ಸಂಗತಿ, 1689ರದ್ದು. ಮಲಗುವಾಗ ಮಗಳು ಕೇಳಿದಳು, "ಅಮ್ಮಾ, ಬೇಕಲ ಕೋಟೆ ಕಟ್ಟಿಸಿದ ಶಿವಪ್ಪ ನಾಯಕ ಇವಳಿಗೆ ಏನಾಗಬೇಕು?" ಮಾವ, ಅಂದರೆ ಗಂಡನ ಅಪ್ಪ ಎಂದೆ. ಶಾಲೆಯ ಪಾಠದಲ್ಲಿ ಓದಿದಾಗ ಅವಳಿಗೆ ಹುಟ್ಟದ ಪ್ರಶ್ನೆ ಇದು. ಮಲಯಾಳದ ನಡುವೆ ಕನ್ನಡ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಈ ನಂಟು ಸಿಕ್ಕಿದ್ದು ನನಗೆ ತುಂಬ ದೊಡ್ಡದು.

ಹಾಗಾಗಿ ಕಂತು ನಡೆಯುವಾಗ ಗುಂಪಿನಲ್ಲಿ ತಪ್ಪುಗಳ ಮೆಸೇಜು ಬೇಡ. ಮರುದಿನ ಬೆಳಿಗ್ಗೆ ಹಾಕಿ, ಸರಿ ಯಾವುದೆಂದು ಜೊತೆಗೇ ಬರೆಯಿರಿ. ಮಕ್ಕಳಿಗೆ ಓದಿ ಹೇಳುತ್ತೇವೆ. ಬರುವ ಭಾನುವಾರ ಸಂಜೆ ಬೇಕಲಕ್ಕೆ ಹೋಗೋಣವೇ? ಬರುವವರು ಇಲ್ಲೇ ತಿಳಿಸಿ.