ಹತ್ತು ತಾಸು ಬರುವ ನೀರು, 3600ರ ಗಾಳಿ: ಕೂಲರ್ ಕಂಪನಿಗೆ ದೂರು

ಕಲಬುರಗಿ
6-5-2025

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: 60 ಲೀಟರ್ ಟ್ಯಾಂಕಿನ ಡೆಸರ್ಟ್ ಕೂಲರ್ ಕರಪತ್ರದಲ್ಲಿ ಹೇಳಿದಷ್ಟು ತಂಪು ಕೊಡದಿರುವುದು, ತಪ್ಪಾಗಿ ಜೋಡಿಸಿರುವುದು ಹಾಗೂ ದುರಸ್ತಿ ಮಾಡದೆಯೇ ದೂರನ್ನು ಮುಕ್ತಾಯ ಮಾಡಿರುವುದು.

ಮಾನ್ಯರೇ,

ನಮ್ಮ ಬಡಾವಣೆಯ ನಾಲ್ಕು ಮನೆಗಳವರು ಈ ಮಾರ್ಚಿನಲ್ಲಿ ನಿಮ್ಮ ಒಂದೇ ಮಾದರಿಯ ಕೂಲರ್ ಕೊಂಡಿದ್ದೇವೆ. ಬಿಲ್ಲು, ವಾರಂಟಿ ಕಾರ್ಡು, ಫೋಟೊಗಳನ್ನು ಲಗತ್ತಿಸಿದೆ. ನಾಲ್ಕೂ ಮನೆಗಳ ದೂರು ಒಂದೇ: ಗಾಳಿ ಬರುತ್ತದೆ, ತಂಪು ಬರುವುದಿಲ್ಲ. ಸರ್ವಿಸ್ ಸೆಂಟರಿನವರು "ಈ ಸಲ ಬಿಸಿಲೇ ಜಾಸ್ತಿ ಅದ, ಐಸ್ ಹಾಕಿ ನೋಡ್ರಿ" ಎಂದು ಹೇಳಿ ಹೋದರು. ಅದೇ ಸಂಜೆ "ನಿಮ್ಮ ದೂರು ಪರಿಹಾರವಾಗಿದೆ" ಎಂಬ ಮೆಸೇಜು ಬಂತು.

ಬಿಸಿಲು ಜಾಸ್ತಿ ಎನ್ನುವುದು ಕೂಲರ್ ಮಾರುವವರು ಹೇಳುವ ಮಾತಲ್ಲ. ಒಣ ಬಿಸಿಲೇ ಕೂಲರಿನ ಬಂಡವಾಳ. ಹೊರಗೆ 42 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇ. 20ರ ಆಸುಪಾಸು ಇದ್ದರೆ, ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಗಾಳಿಗೆ ಹಿಡಿದ ಥರ್ಮಾಮೀಟರು ಸುಮಾರು 24 ಡಿಗ್ರಿ ತೋರಿಸುತ್ತದೆ. ಅಂದರೆ ಬರೀ ನೀರು ಆರಿಸಿಯೇ 18 ಡಿಗ್ರಿಯವರೆಗೆ ಇಳಿಸುವ ಅವಕಾಶ ಇದೆ. ಗಾಳಿ ಹಾಯುವ ಒದ್ದೆ ಪ್ಯಾಡು ಸರಿಯಾಗಿರುವ ಕೂಲರ್ ಇದರಲ್ಲಿ ಶೇ. 80ರಷ್ಟನ್ನು ಪಡೆಯಬಲ್ಲದು, ಆಗ ಮುಂದಿನ ಜಾಲರಿಯಲ್ಲಿ 28 ಡಿಗ್ರಿಯ ಗಾಳಿ ಬರಬೇಕು. ಇಂಥದೇ ಹವೆಯಲ್ಲಿ ಮಧ್ಯಾಹ್ನ ಮೂರಕ್ಕೆ, ಪ್ಯಾಡು ಪೂರ್ತಿ ನೆನೆಯಲು ಅರ್ಧ ತಾಸು ಬಿಟ್ಟು ಅಳೆದಾಗ ನಿಮ್ಮ ಕೂಲರಿನ ಬಾಯಲ್ಲಿ ಸಿಕ್ಕಿದ್ದು 33. ಲೆಕ್ಕಕ್ಕೆ ಅದು ಶೇ. 50. ಇದೇ 33 ಡಿಗ್ರಿ ಮಂಗಳೂರಿನಲ್ಲಿ ಬಂದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಅಲ್ಲಿ 34 ಡಿಗ್ರಿ, ಶೇ. 70 ತೇವಾಂಶವಿರುವಾಗ ಒದ್ದೆ ಥರ್ಮಾಮೀಟರೇ 29ರ ಮೇಲೆ ನಿಲ್ಲುತ್ತದೆ, ಯಾವ ಕೂಲರಿಗೂ ಅಲ್ಲಿ ಹೆಚ್ಚು ಕೆಲಸವಿಲ್ಲ. ಕಲಬುರಗಿಯಲ್ಲಿ ಆ ನೆಪ ನಡೆಯುವುದಿಲ್ಲ.

ಈಗ ನಿಮ್ಮ ಕರಪತ್ರಕ್ಕೆ ಬರೋಣ. ಅದರ ಒಂದು ಕಡೆ "ಗಂಟೆಗೆ 3600 ಘನ ಮೀಟರ್ ಗಾಳಿ" ಎಂದಿದೆ. ಅದರ ಕೆಳಗೇ "ಒಮ್ಮೆ ತುಂಬಿಸಿದರೆ 10 ಗಂಟೆ ನಿಶ್ಚಿಂತೆ" ಎಂದಿದೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ. ಒಂದು ಲೀಟರ್ ನೀರು ಆರುವಾಗ ಸುಮಾರು 2430 ಕಿಲೋಜೂಲ್ ಶಾಖ ಹೀರುತ್ತದೆ. 60 ಲೀಟರ್ 10 ಗಂಟೆ ಬಂದರೆ ಗಂಟೆಗೆ ಆರುವುದು 6 ಲೀಟರ್. ಅಷ್ಟು ನೀರು 14 ಡಿಗ್ರಿ ಇಳಿಸಬಲ್ಲ ಗಾಳಿ ಗಂಟೆಗೆ 1000 ಘನ ಮೀಟರಿನ ಆಸುಪಾಸು, ಅದಕ್ಕಿಂತ ಹೆಚ್ಚಲ್ಲ. ನಿಜವಾಗಿ 3600 ಘನ ಮೀಟರ್ ಗಾಳಿಯನ್ನು ಅಷ್ಟು ತಂಪು ಮಾಡಬೇಕಾದರೆ ಗಂಟೆಗೆ 20 ಲೀಟರ್ ಮೀರಿ ನೀರು ಬೇಕು, ಟ್ಯಾಂಕು ಮೂರು ತಾಸಿನೊಳಗೆ ಖಾಲಿ. ನೀರು ಹತ್ತು ತಾಸು ಬರುತ್ತಿದೆ ಎಂದರೆ ಗಾಳಿ ಕಡಿಮೆ ಇರಬೇಕು, ಇಲ್ಲವೇ ಬಹುಪಾಲು ಗಾಳಿ ಬಿಸಿಯಾಗಿಯೇ ದಾಟಿ ಬರುತ್ತಿರಬೇಕು. ನಮ್ಮ ಮನೆಗಳಲ್ಲಿ ನೀರು ಹತ್ತು ತಾಸು ಬರುತ್ತಿದೆ. ಮೆಚ್ಚಬೇಕಾದ ಸಂಗತಿಯಲ್ಲ ಅದು, ರೋಗಲಕ್ಷಣ.

ಕಾರಣ ಹಿಂದಿನ ಜಾಲರಿ ಬಿಚ್ಚಿದರೆ ಕಾಣುತ್ತದೆ. ಕರಪತ್ರದಲ್ಲಿ 90 ಮಿ.ಮೀ. ದಪ್ಪದ ಹನಿಕೋಂಬ್ (ಜೇನುಗೂಡಿನಂಥ) ಪ್ಯಾಡ್ ಎಂದಿದೆ. ಒಳಗಿರುವುದು ಸ್ಕೇಲಿನಲ್ಲಿ ಅಳೆದರೆ 50 (ಫೋಟೊ 2). ಪ್ಯಾಡು ತೆಳುವಾದಷ್ಟೂ ಗಾಳಿಗೆ ನೀರಿನ ಸಂಗ ಸಿಗುವ ಹೊತ್ತು ಕಡಿಮೆ. ಅದರ ಮೇಲೆ, ಮೂರು ಪ್ಯಾಡುಗಳಲ್ಲಿ ಎಡಗಡೆಯದನ್ನು ತಲೆಕೆಳಗೆ ಹಾಕಿದ್ದಾರೆ. ಈ ಪ್ಯಾಡಿನ ಕಾಲುವೆಗಳು ಎರಡು ಓರೆಯಲ್ಲಿರುತ್ತವೆ, ಒಂದು 45 ಡಿಗ್ರಿ, ಇನ್ನೊಂದು 15. ಕಡಿದಾದ 45ರ ಕಾಲುವೆ ಗಾಳಿ ಒಳಬರುವ ಕಡೆಗೆ ಇಳಿಜಾರಾಗಿರಬೇಕು, ಆಗ ನೀರು ಹೊರಮೈ ಕಡೆಗೆ ಹರಿದು ಆ ಮೈಯನ್ನು ತೊಳೆಯುತ್ತದೆ. ತಿರುವು ಮುರುವಾದರೆ ನೀರು ಫ್ಯಾನಿನ ಕಡೆಗೆ ಹರಿದು ಹನಿಯಾಗಿ ಹಾರುತ್ತದೆ. ಹಾಸಿಗೆ ಒದ್ದೆಯಾಗುತ್ತದೆ ಎಂಬ ನಮ್ಮ ಎರಡನೇ ದೂರಿಗೆ "ಸ್ಪೀಡ್ ಕಮ್ಮಿ ಇಡ್ರಿ" ಎಂಬ ಉತ್ತರ ಬಂದಿತ್ತು.

ಮೇಲಿನ ನೀರಿನ ಕೊಳವೆಯನ್ನೂ ನೋಡಿ. ಪಂಪಿಗೆ ಹತ್ತಿರವಿರುವ ತೂತುಗಳಿಂದ ನೀರು ಧಾರಾಳ, ಕೊನೆಯ ನಾಲ್ಕೈದು ತೂತುಗಳಿಂದ ತೊಟ್ಟಿಕ್ಕುವುದೂ ಇಲ್ಲ. ಹಾಗಾಗಿ ಹಿಂದಿನ ಪ್ಯಾಡಿನ ಬಲ ಅಂಚಿನಲ್ಲಿ ಮೇಲಿಂದ ಕೆಳತನಕ ನಾಲ್ಕು ಬೆರಳಗಲದ ಪಟ್ಟಿ ಸದಾ ಒಣಗಿರುತ್ತದೆ. ಕೈ ಇಟ್ಟರೆ ಬೆಚ್ಚಗೆ. ಒದ್ದೆ ಜಾಗಕ್ಕಿಂತ ಒಣ ಜಾಗದಲ್ಲಿ ಗಾಳಿಗೆ ಅಡ್ಡಿ ಕಡಿಮೆ, ಬಿಸಿಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಪಂಪಿನ ತಳಕ್ಕೆ ಜರಡಿ ಇಲ್ಲದ್ದರಿಂದ ಕಸ ಮೇಲೇರಿ ತೂತುಗಳಲ್ಲಿ ಕೂತಿದೆ.

ಇನ್ನು ಬೋರ್‌ವೆಲ್ ನೀರು. ಕೂಲರಿನಲ್ಲಿ ಆರುವುದು ಬರೀ ನೀರು, ಅದರ ಸುಣ್ಣ ಹಿಂದೆಯೇ ಉಳಿಯುತ್ತದೆ. ಕಡಿಮೆಯಾದಷ್ಟನ್ನೇ ತುಂಬಿಸುತ್ತ ಹೋದರೆ ಟ್ಯಾಂಕಿನ ನೀರು ದಿನೇ ದಿನೇ ಗಡಸಾಗಿ, ಪ್ಯಾಡಿನ ಮೇಲೆ ಬಿಳಿ ಹೊಪ್ಪಳೆ ಕಟ್ಟುತ್ತದೆ. ವಾರಕ್ಕೆ ಎರಡು ಸಲವಾದರೂ ಟ್ಯಾಂಕು ಪೂರ್ತಿ ಬರಿದು ಮಾಡಬೇಕು. ಕಟ್ಟಿದ ಸುಣ್ಣಕ್ಕೆ 10 ಲೀಟರ್ ನೀರಿಗೆ 200 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ಫ್ಯಾನು ಬಂದ್ ಮಾಡಿ ಪಂಪು ಮಾತ್ರ ಅರ್ಧ ತಾಸು ಓಡಿಸಿ ತೊಳೆಯಬೇಕು. ನಿಮ್ಮ ಕೈಪಿಡಿಯಲ್ಲಿ ಇದರ ಒಂದು ಸಾಲೂ ಇಲ್ಲ. ಬರಿದು ಮಾಡೋಣವೆಂದರೆ ಡ್ರೈನ್ ಬಿರಡೆ ತಳಕ್ಕಿಂತ ಎರಡು ಬೆರಳು ಮೇಲಿದೆ. ಕೆಸರು ಕೆಳಗೇ ಉಳಿಯುತ್ತದೆ, ಉಳಿದ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡಲು ಅಷ್ಟೇ ಸಾಕು.

ಎಲ್ಲಕ್ಕಿಂತ ಗಂಭೀರವಾದದ್ದು ವೈರಿಂಗ್. ಎರಡು ಮನೆಗಳಲ್ಲಿ ನಿಮ್ಮ ಟೆಕ್ನಿಷಿಯನ್ ಮೂರು ಪಿನ್ನಿನ ಪ್ಲಗ್ ಕತ್ತರಿಸಿ ಎರಡು ಪಿನ್ನಿನದು ಹಾಕಿ, ಅರ್ಥಿಂಗಿನ ಹಸಿರು ವೈರನ್ನು ಟೇಪು ಸುತ್ತಿ ಬಿಟ್ಟಿದ್ದಾರೆ (ಫೋಟೊ 5, 6). ಮೋಟರ್ ಚೌಕಟ್ಟು, ಸ್ಟ್ಯಾಂಡು ಎರಡೂ ಕಬ್ಬಿಣ; ಪಂಪು ನೀರಿನೊಳಗಿದೆ; ನೀರು ತುಂಬುವವರು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಿರುತ್ತಾರೆ. ಪಂಪಿನೊಳಗಿನ ತಂತಿ ಸುರುಳಿಯ ಇನ್ಸುಲೇಶನ್ ಒಂದು ಕಡೆ ಹೋದರೂ ಕರೆಂಟಿಗೆ ಹೋಗಲು ಮನುಷ್ಯನ ಮೈ ಬಿಟ್ಟು ಬೇರೆ ದಾರಿ ಇಲ್ಲ. ಆ ಎರಡೂ ಕೂಲರನ್ನು ನಾವೇ ಬಂದ್ ಮಾಡಿ ಇಟ್ಟಿದ್ದೇವೆ.

ಐಸ್ ಸಲಹೆಯ ಬಗ್ಗೆಯೂ ಒಂದು ಮಾತು, ಏಕೆಂದರೆ "ಐಸ್ ಚೇಂಬರ್" ಹೆಸರಿನಲ್ಲಿ ನೀವು ಹೆಚ್ಚಿನ ದುಡ್ಡು ಪಡೆದಿದ್ದೀರಿ. ಒಂದು ಕಿಲೋ ಐಸ್ ಕರಗುವಾಗ ಹೀರುವ ಶಾಖ 334 ಕಿಲೋಜೂಲ್. ಐದು ಕಿಲೋ ಸುರಿದರೂ ಮುಕ್ಕಾಲು ಲೀಟರ್ ನೀರು ಆರಿದಷ್ಟು ತಂಪೂ ಇಲ್ಲ. ಗಂಟೆಗೆ 6 ಲೀಟರ್ ಆರಿಸುವ ಕೂಲರಿಗೆ ಅದು ಏಳೆಂಟು ನಿಮಿಷದ ಕೆಲಸ. ಬಾಗಿಲು ಕಿಟಕಿ ಮುಚ್ಚಿ ಓಡಿಸಿ ಎಂಬ ಸರ್ವಿಸ್ ಸೆಂಟರಿನವರ ಇನ್ನೊಂದು ಸಲಹೆಯಂತೂ ಪೂರ್ತಿ ಉಲ್ಟಾ. ಕೂಲರಿನ ಬೆನ್ನು ಹೊರಗಾಳಿಗೆ ಇರಬೇಕು, ಎದುರಿಗೆ ಕನಿಷ್ಠ ನಾಲ್ಕು ಚದರ ಅಡಿ ಕಿಟಕಿ ತೆರೆದಿರಬೇಕು. ಇಲ್ಲದಿದ್ದರೆ ಕೋಣೆಯ ಒದ್ದೆ ಗಾಳಿಯೇ ಮತ್ತೆ ಮತ್ತೆ ಸುತ್ತಿ ಮೈ ಜಿಗಿಜಿಗಿ ಎನ್ನುತ್ತದೆ.

ನಮ್ಮ ಬೇಡಿಕೆಗಳು ಇವು. ವೈರಿಂಗ್ ಕೆಲಸಕ್ಕೆ 48 ಗಂಟೆಯೊಳಗೆ ಅರ್ಹ ಎಲೆಕ್ಟ್ರಿಷಿಯನ್ ಕಳಿಸಿ, ಅರ್ಥಿಂಗ್ ಕೂಡಿಸಿ, ಟೆಸ್ಟರಿನಿಂದಲ್ಲ, ಮೀಟರಿನಿಂದ ಪರೀಕ್ಷಿಸಿದ ವರದಿ ಕೊಡಬೇಕು. ನಾಲ್ಕೂ ಕೂಲರಿಗೆ ಕರಪತ್ರದಲ್ಲಿ ಹೇಳಿದ 90 ಮಿ.ಮೀ. ಪ್ಯಾಡು, ಪಂಪಿಗೆ ಜರಡಿ, ಹೊಸ ನೀರಿನ ಕೊಳವೆಯನ್ನು 15 ದಿನದೊಳಗೆ ಪುಕ್ಕಟೆ ಹಾಕಿಕೊಡಬೇಕು. ಚೌಕಟ್ಟಿನಲ್ಲಿ 90ರ ಪ್ಯಾಡು ಕೂರುವುದೇ ಇಲ್ಲವಾದರೆ (ನಮ್ಮ ಅಂದಾಜು ಹಾಗೆಯೇ ಇದೆ) ಕೂಲರ್ ವಾಪಸು ಪಡೆದು ಪೂರ್ತಿ ಹಣ ಹಿಂತಿರುಗಿಸಿ. 3600 ಘನ ಮೀಟರ್ ಎಂಬ ಅಂಕಿಯನ್ನು ಪ್ಯಾಡು ಹಾಕಿ, ನೀರು ಬಿಟ್ಟು ಅಳೆದದ್ದೋ, ಬರೀ ಫ್ಯಾನಿನದೋ, ಐಎಸ್ 3315 (ಕೂಲರುಗಳ ಭಾರತೀಯ ಮಾನದಂಡ) ಪ್ರಕಾರ ಪರೀಕ್ಷೆ ನಡೆದಿದ್ದರೆ ಅದರ ಪ್ರತಿಯೊಂದಿಗೆ ಲಿಖಿತವಾಗಿ ತಿಳಿಸಿ. ಮುಕ್ತಾಯ ಮಾಡಿದ ದೂರನ್ನು ಮತ್ತೆ ತೆರೆಯಬೇಕು. ನಮ್ಮ ಸಹಿ ಇಲ್ಲದೆ ಇನ್ನೊಮ್ಮೆ ಮುಚ್ಚಬಾರದು.

ಈ ಅವಧಿಯೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಪರಿಶೀಲನೆಗೆ ಬರುವವರು ಎರಡು ಥರ್ಮಾಮೀಟರು, ಒಂದು ಸ್ಕೇಲು ತರಲಿ, ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಬರಲಿ.

ಇಂತಿ,
ನಾಲ್ಕು ಮನೆಗಳ ಗ್ರಾಹಕರು
(ಸಹಿಗಳು ಹಾಗೂ ಬಿಲ್ ಸಂಖ್ಯೆಗಳು ಲಗತ್ತಿನಲ್ಲಿವೆ)

ಲಗತ್ತುಗಳು: ಬಿಲ್ ಪ್ರತಿ 4, ವಾರಂಟಿ ಕಾರ್ಡ್ ಪ್ರತಿ 4, ಕರಪತ್ರ, ಫೋಟೊ 6, ದೂರು ಮುಕ್ತಾಯದ ಮೆಸೇಜಿನ ಸ್ಕ್ರೀನ್‌ಶಾಟ್.